ಶನಿವಾರಸಂತೆ ಮನೆ ಗುಂಪು: ಅತ್ತೆಗೆ ಫೋಲಿಕ್ ಮಾತ್ರೆ ಕೊಡಬೇಕಾ?

ಮಾವ: ಈ ಲೇಖನ ಎಲ್ಲರೂ ಓದಿ. ಲೂಸಿ ವಿಲ್ಸ್ ಅಂತ ಇಂಗ್ಲೆಂಡಿನ ಡಾಕ್ಟರು. 1928ರಲ್ಲಿ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರ ರಕ್ತಹೀನತೆಗೆ ಮದ್ದು ಹುಡುಕಿದವರು. ಯೀಸ್ಟ್ ಸಾರ ಕೊಟ್ಟರೆ ರಕ್ತ ಏರಿತಂತೆ. ಅದರೊಳಗಿದ್ದದ್ದು ಫೋಲಿಕ್ ಆಮ್ಲ. ನಿಮ್ಮ ಅತ್ತೆಗೂ ನಾಳೆಯಿಂದ ಅದೇ ಮಾತ್ರೆ.

ಬೆಂಗಳೂರಣ್ಣ: ಒಳ್ಳೇದು ಮಾವ. ವಿಟಮಿನ್ ಅಲ್ವಾ, ಜಾಸ್ತಿ ಆದರೆ ಮೂತ್ರದಲ್ಲಿ ಹೋಗುತ್ತೆ.

ದೊಡ್ಡಮ್ಮ: ಮಾತ್ರೆ ಯಾಕೋ? ನಮ್ಮ ಕೊಡಗಿನ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡ್ತೀವಲ್ಲ. ಆ ಬಣ್ಣ ನೋಡಿದರೇ ಗೊತ್ತಾಗಲ್ವಾ, ರಕ್ತಕ್ಕೆ ಎಷ್ಟು ಒಳ್ಳೇದು ಅಂತ!

ನಾನು: ಮಾವ, ದಯವಿಟ್ಟು ಈಗಲೇ ಕೊಡಬೇಡಿ. ಹೋದ ವಾರ ನೀವೇ ಹಾಕಿದ ಅತ್ತೆಯ ರಿಪೋರ್ಟ್ ಮತ್ತೊಮ್ಮೆ ತೆಗೆಯಿರಿ. ಹಿಮೋಗ್ಲೋಬಿನ್ 9.2, ಕಡಿಮೆ ಇದೆ ಅಂತ ಎಲ್ಲರೂ ನೋಡಿದ್ದೇವೆ. ಅದರ ಕೆಳಗೆ ಎಂಸಿವಿ 112 ಅಂತ ಇದೆ, ಅದನ್ನು ಯಾರೂ ನೋಡಿಲ್ಲ. ಅದು ಕೆಂಪು ರಕ್ತಕಣದ ಗಾತ್ರ. ಸಾಮಾನ್ಯವಾಗಿ 80ರಿಂದ 100 ಇರಬೇಕು. ಕಬ್ಬಿಣ ಕಡಿಮೆಯಾದರೆ ಕಣ ಸಣ್ಣದಾಗುತ್ತೆ. ಫೋಲಿಕ್ ಕಡಿಮೆಯಾದರೆ ದೊಡ್ಡದಾಗುತ್ತೆ, ಬಿ12 ಕಡಿಮೆಯಾದರೂ ದೊಡ್ಡದಾಗುತ್ತೆ. ಅತ್ತೆಗೆ ಯಾವುದು ಕಡಿಮೆ ಅಂತ ನಮಗಿನ್ನೂ ಗೊತ್ತಿಲ್ಲ.

ಮಾವ: ಲೂಸಿ ವಿಲ್ಸ್ ನೋಡಿದ್ದೂ ದೊಡ್ಡ ಕಣವೇ ಅಂತ ಇದರಲ್ಲಿ ಬರೆದಿದೆ.

ನಾನು: ಹೌದು, ಅದಕ್ಕೇ ಅವರ ಕೆಲಸ ಪೂರ್ತಿ ಓದಬೇಕು ಅನ್ನೋದು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು ಯೀಸ್ಟ್ ಸಾರದ ವಿಷಯ. ಆಗ ಅದರೊಳಗೆ ಏನಿದೆ ಅಂತ ಅವರಿಗೂ ಗೊತ್ತಿರಲಿಲ್ಲ. ಅವರು ಅಲ್ಲಿಗೇ ಬಿಡಲಿಲ್ಲ. ಪರ್ನಿಶಿಯಸ್ ಅನೀಮಿಯಾ ಅಂತ, ಬಿ12 ಮೈಗೆ ಹತ್ತದೆ ಕಣ ದೊಡ್ಡದಾಗುವ ಇನ್ನೊಂದು ಕಾಯಿಲೆಗೆ ಶುದ್ಧ ಮಾಡಿದ ಲಿವರ್ ಸಾರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದೇ ಸಾರ ಬೊಂಬಾಯಿಯಲ್ಲಿ ಕಂಡ ಬಗೆಯ ರೋಗಿಗಳಿಗೆ ನಾಟಲಿಲ್ಲ, ಶುದ್ಧ ಮಾಡದ ಲಿವರ್ ನಾಟಿತು. ಅಂದರೆ ಕಣ ಒಂದೇ ಥರ ದೊಡ್ಡದಾಗಿ ಕಂಡರೂ ಕೊರತೆ ಬೇರೆ ಬೇರೆ. ನನಗೆ ಅವರ ಮೇಲೆ ಗೌರವ ಇರೋದು ಇದಕ್ಕೇ. ಫೋಲಿಕ್ ಆಮ್ಲವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು, ಬಿ12 ಕೈಗೆ ಸಿಕ್ಕಿದ್ದು 1948ರಲ್ಲಿ.

ಬೆಂಗಳೂರಣ್ಣ: ಎರಡೂ ವಿಟಮಿನ್ ತಾನೇ. ಫೋಲಿಕ್ ಕೊಟ್ಟು ನೋಡೋಣ, ರಕ್ತ ಏರಿದರೆ ಸರಿ.

ನಾನು: ಅಣ್ಣಾ, ಏರಬಹುದು. ನನ್ನ ಹೆದರಿಕೆಯೇ ಅದು. ಬಿ12 ಇಲ್ಲದವರಿಗೆ ಬರೀ ಫೋಲಿಕ್ ಕೊಟ್ಟರೂ ಹಿಮೋಗ್ಲೋಬಿನ್ ಏರುತ್ತೆ, ರಿಪೋರ್ಟ್ ಚೆನ್ನಾಗಿ ಕಾಣುತ್ತೆ. ನರ ಮಾತ್ರ ಒಳಗೊಳಗೇ ಹಾಳಾಗುತ್ತಾ ಹೋಗುತ್ತೆ. ತಡವಾದರೆ ಪೂರ್ತಿ ವಾಪಸ್ ಬರದೇ ಇರಬಹುದು. ಅತ್ತೆ, ಕಾಲು ಜುಮ್ ಅನ್ನುತ್ತೆ ಅಂದಿದ್ರಲ್ಲ, ಈಗ ಹೇಗಿದೆ?

ಅತ್ತೆ: ಹಾಗೇ ಇದೆ ಪುಟ್ಟಾ. ಮೊನ್ನೆ ಅಂಗಳ ದಾಟಿ ಕಣಕ್ಕೆ ಹೋಗುವಾಗ ಎಡಗಾಲಿನ ಚಪ್ಪಲಿ ಕಳಚಿದ್ದೇ ಗೊತ್ತಾಗಲಿಲ್ಲ. ಹಿಂದೆ ಬರುತ್ತಿದ್ದ ಕೆಲಸದವಳು ಎತ್ತಿಕೊಂಡು ಬಂದಳು. ವಯಸ್ಸಾಯ್ತಲ್ಲ ಅಂತ ಸುಮ್ನಾದೆ.

ನಾನು: ಸುಮ್ನಿರಬೇಡಿ ಅತ್ತೆ. ನೀವು ಮಾಂಸ, ಮೊಟ್ಟೆ ಮುಟ್ಟಲ್ಲ. ಊಟದಲ್ಲಿ ಬಿ12 ಸಿಗೋದು ಹಾಲು ಮೊಸರಲ್ಲಿ ಮಾತ್ರ, ವಯಸ್ಸಾದ ಮೇಲೆ ಅದೂ ಮೈಗೆ ಸರಿಯಾಗಿ ಹತ್ತಲ್ಲ. ಸಕ್ಕರೆ ಕಾಯಿಲೆಗೆ ತಗೊಳ್ಳೋ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಬಿ12 ಇನ್ನೂ ಇಳಿಯಬಹುದು. ದೊಡ್ಡಮ್ಮಾ, ಮದ್ದು ಸೊಪ್ಪಿನ ಪಾಯಸ ನನಗೂ ಇಷ್ಟ, ಖಂಡಿತ ಮಾಡಿ. ಆದರೆ ಸೊಪ್ಪಿನಲ್ಲಿ ಬಿ12 ಇರಲ್ಲ, ಆ ನೇರಳೆ ಬಣ್ಣವೂ ರಕ್ತ ಆಗಲ್ಲ.

ಕುಶಾಲನಗರದ ತಂಗಿ: ಅಕ್ಕಾ, ಹಾಗಾದರೆ ಆಶಾ ಕಾರ್ಯಕರ್ತೆ ಅಕ್ಕ ಕೊಟ್ಟ ಕೆಂಪು ಮಾತ್ರೆ ನಾನೂ ನಿಲ್ಲಿಸಲಾ? ಐದನೇ ತಿಂಗಳು.

ನಾನು: ಬೇಡ ಬೇಡ! ಅದರಲ್ಲಿ ಕಬ್ಬಿಣ, ಫೋಲಿಕ್ ಎರಡೂ ಇದೆ, ಬಸುರಿಗೆ ಬೇಕೇ ಬೇಕು. 180 ದಿನ ಬಿಡದೆ ತಗೋ. ಕಾಫಿ ಜೊತೆ ಮಾತ್ರ ನುಂಗಬೇಡ, ಕಬ್ಬಿಣ ಮೈಗೆ ಹತ್ತಲ್ಲ. ನಮ್ಮ ಮನೆಗಳಲ್ಲಿ ಊಟ ಆದ ಕೂಡಲೇ ಲೋಟ ಕೈಗೆ ಬರುತ್ತಲ್ಲ, ಅದನ್ನೂ ಒಂದೆರಡು ಗಂಟೆ ಮುಂದೆ ಹಾಕು.

ಮಾವ: ಮೆಟ್‌ಫಾರ್ಮಿನ್ ನಿಲ್ಲಿಸಬೇಕಾ ಹಾಗಾದ್ರೆ?

ನಾನು: ನಾವಾಗಿ ನಿಲ್ಲಿಸೋದು ಬೇಡ ಮಾವ. ಸೋಮವಾರ ಮಡಿಕೇರಿಗೆ ಕರ್ಕೊಂಡು ಬನ್ನಿ, ನಾನೂ ಬರ್ತೀನಿ. ಬಿ12, ಫೋಲಿಕ್ ಎರಡಕ್ಕೂ ರಕ್ತ ಕೊಡಿಸೋಣ. ಅಲ್ಲಿವರೆಗೆ ಯಾವ ವಿಟಮಿನ್ ಮಾತ್ರೆಯೂ ಬೇಡ, ಲೆಕ್ಕ ತಪ್ಪುತ್ತೆ. ಹಳೇ ರಿಪೋರ್ಟು, ಈಗ ನುಂಗುತ್ತಿರೋ ಮಾತ್ರೆಗಳ ಚೀಟಿ ಎಲ್ಲ ತನ್ನಿ. ಕಾಲಿನ ವಿಷಯ ಡಾಕ್ಟರ ಹತ್ತಿರ ಅತ್ತೆಯೇ ಹೇಳಲಿ, ಚಪ್ಪಲಿ ಕಳಚಿದ್ದನ್ನೂ ಸೇರಿಸಿ.

ಮಾವ: ಸರಿ, ಏಳೂವರೆ ಬಸ್ಸಿಗೆ ಹೊರಡ್ತೀವಿ.