ಸಹಾಯ ಬೇಕು: ಹಳೇ ಒರಿನೋಕೋ ವೈಫೈ ಕಾರ್ಡ್ (ತುಮಕೂರು)

ನಮಸ್ಕಾರ ಎಲ್ರಿಗೂ, ತುಮಕೂರು ಸುತ್ತಮುತ್ತ ಹಳೇ ಲ್ಯಾಪ್‌ಟಾಪ್ ಬಗ್ಗೆ ಗೊತ್ತಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳ್ರಪ್ಪ. ತಿಪಟೂರಲ್ಲಿ ನಮ್ಮ ಮಾವನ ಹತ್ರ ವಿಂಡೋಸ್ 98 ಲ್ಯಾಪ್‌ಟಾಪ್ ಇದೆ, ಹಳೇ ಕೊಬ್ಬರಿ ವ್ಯಾಪಾರದ ಲೆಕ್ಕ ಎಲ್ಲಾ ಅದ್ರಲ್ಲೇ, ಆ ಫೈಲ್‌ಗಳನ್ನ ಹೊರಗೆ ಕಾಪಿ ಮಾಡ್ಕೋಬೇಕು, ಪೆನ್‌ಡ್ರೈವ್ ಹಾಕಿದ್ರೆ ಡ್ರೈವರ್ ಕೇಳುತ್ತೆ, ಫ್ಲಾಪಿ ಕೆಟ್ಟೋಗಿದೆ, ಉಳಿದಿರೋದು ಸೈಡಲ್ಲಿ ತಳ್ಳೋ ಒರಿನೋಕೋ ಸಿಲ್ವರ್ ಪಿಸಿಎಂಸಿಐಎ ವೈಫೈ ಕಾರ್ಡ್ ಒಂದೇ. ಕಾರ್ಡ್ ಚೆನ್ನಾಗೇ ಇದೆ, ಲೈಟ್ ಉರಿಯುತ್ತೆ. ಆದ್ರೆ ಅದು 1999ರಲ್ಲಿ ಬಂದ 802.11ಬಿ ಸ್ಟ್ಯಾಂಡರ್ಡ್‌ದು, 2.4 ಗಿಗಾಹರ್ಟ್ಸ್, ಜಾಸ್ತಿ ಅಂದ್ರೆ 11 ಎಂಬಿಪಿಎಸ್, ಸಿಲ್ವರ್ ಆಗಿರೋದ್ರಿಂದ ವೈಫೈಗೆ ಹಾಕೋ ಹಳೇ ಕಾಲದ ಲಾಕ್ ಆದ 64 ಬಿಟ್ ವೆಪ್ ಮಾತ್ರ (ಅದ್ರಲ್ಲೂ ಗುಟ್ಟಿನ ಕೀ 40 ಬಿಟ್ಟೇ, ಮಿಕ್ಕಿದ್ದು 24 ಬಿಟ್ ಪ್ರತಿ ಪ್ಯಾಕೆಟ್ ಜೊತೆ ಬಹಿರಂಗವಾಗೇ ಹೋಗುತ್ತೆ, ಇದಕ್ಕೆ ಸೆಕ್ಯೂರಿಟಿ ಅಂತಿದ್ರಂತೆ!). ಮನೆ ಫೈಬರ್ ರೂಟರಲ್ಲಿ ವೆಪ್ ಆದ್ಮೇಲೆ ಬಂದ ಡಬ್ಲ್ಯೂಪಿಎ2 ಲಾಕ್‌ಗಿಂತ ಕೆಳಗೆ ಆಪ್ಷನ್ನೇ ಇಲ್ಲ, ಹಾಗಾಗಿ ಈ ಕಾರ್ಡ್ ಅದಕ್ಕೆ ಕನೆಕ್ಟ್ ಆಗಲ್ಲ.

ಪಾಸ್‌ವರ್ಡ್ ತೆಗೆದು ಓಪನ್ ಬಿಡಿ ಅನ್ಬೇಡಿ, ಪಕ್ಕದಲ್ಲೇ ಹುಡುಗ್ರ ಪಿಜಿ ಇದೆ. ಹಾರ್ಡ್‌ಡಿಸ್ಕ್ ಬಿಚ್ಚೋದು ಸುಲಭ ಅಂತ ನಂಗೂ ಗೊತ್ತು, ಮಾವ ಸ್ಕ್ರೂಡ್ರೈವರ್ ನೋಡಿದ್ರೇ ಎಗರಾಡ್ತಾರೆ.

ವೆಪ್ ಬರೋ ಹಳೇ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡೋ ಡಬ್ಬಿ) ಯಾರ ಮನೆ ಅಟ್ಟದಲ್ಲಾದ್ರೂ ಬಿದ್ದಿದ್ರೆ ಕೊಡ್ತೀರಾ, ಇಂಟರ್ನೆಟ್ಟಿಗೆ ಸೇರ್ಸಲ್ಲ, ಫೈಲ್ ಕಾಪಿ ಮಾಡ್ಕೊಂಡು ವಾಪಸ್ ಕೊಡ್ತೀನಿ. ಇಲ್ಲಾಂದ್ರೆ ಆಡ್‌ಹಾಕ್ ಮೋಡಲ್ಲಿ ರೂಟರ್ ಇಲ್ದೆ ನೇರ ಎಕ್ಸ್‌ಪಿ ಲ್ಯಾಪ್‌ಟಾಪ್‌ಗೆ ಯಾರಾದ್ರೂ ಕನೆಕ್ಟ್ ಮಾಡಿದ್ದೀರಾ? ಐಪಿ ಅಡ್ರೆಸ್ ಕೈಯಲ್ಲೇ ಹಾಕ್ಬೇಕಾ?