ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿದ ಮೇಲೆ ಕ್ಯಾಮೆರಾ ನಿಂತು ನಿಂತು ಬರುತ್ತಿದೆ, ಕೈಸನ್ನೆ ಅರ್ಥವಾಗುತ್ತಿಲ್ಲ

ಕಲಬುರಗಿ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವನಿಗೆ ಪುಣೆಯಲ್ಲಿ ಕೆಲಸ. ನಾನೂ ನಮ್ಮವ್ವನೂ ಕಲಬುರಗಿಯಲ್ಲಿ, ಸೇಡಂ ರಸ್ತೆ ಕಡೆ ಇದ್ದೇವೆ. ದಿನಾ ರಾತ್ರಿ ಎಂಟೂವರೆಗೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಅವ್ವ ಅವನ ಜೊತೆ ಮಾತಾಡುತ್ತಾಳೆ. ಮಾತು ಅಂದರೆ ಕೈಸನ್ನೆ. ಅವ್ವ ಎಲ್ಲೂ ಹೋಗಿ ಸನ್ನೆ ಭಾಷೆ ಕಲಿತವಳಲ್ಲ. ಅವನು ಚಿಕ್ಕವನಿದ್ದಾಗ ಇಬ್ಬರೂ ಸೇರಿ ಮನೆಯಲ್ಲೇ ಮಾಡಿಕೊಂಡ ಸನ್ನೆಗಳು. ಎರಡು ಅಂಗೈ ತಿರುಗಿಸಿ ತಟ್ಟಿದರೆ ರೊಟ್ಟಿ. ಕಿವಿಯ ತುದಿ ಹಿಡಿದರೆ ನಾನು, ನನ್ನ ಓಲೆಯಿಂದ ಬಂದ ಗುರುತು ಅದು. ಫೋನ್ ಯಾಕೆ ಬಳಸಲ್ಲ ಅಂತ ಕೇಳಬೇಡಿ. ಅವ್ವನಿಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಸಣ್ಣ ಪರದೆಯಲ್ಲಿ ಅವನ ಬೆರಳುಗಳು ಆಕೆಗೆ ಕಾಣುವುದಿಲ್ಲ.

ಲ್ಯಾಪ್‌ಟಾಪ್ 2016ರಲ್ಲಿ ಕೊಂಡದ್ದು. ಇಂಟೆಲ್ ಐ5, ಆರನೇ ಪೀಳಿಗೆ, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಆಮೇಲೆ ಹಾಕಿಸಿದ್ದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತಲ್ವಾ, ಬ್ಯಾಂಕಿನ ಕೆಲಸ ಎಲ್ಲ ಇದರಲ್ಲೇ ಮಾಡುವುದರಿಂದ ನನಗೆ ಭಯವಾಯಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯಿಂದ ಮೇಲಿನದ್ದೇ ಬೇಕು, ಟಿಪಿಎಂ ಅನ್ನುವ ಭದ್ರತೆಯ ಚಿಪ್ಪಿನ 2.0 ಬೇಕು. ನಮ್ಮದರಲ್ಲಿ ಇರುವುದು ಟಿಪಿಎಂ 1.2. ಪರಿಚಯದ ಹುಡುಗನೊಬ್ಬ ರೂಫಸ್ ಅನ್ನುವ ಪ್ರೋಗ್ರಾಂನಲ್ಲಿ ಪೆನ್‌ಡ್ರೈವ್ ತಯಾರು ಮಾಡಿ, ಇವೆಲ್ಲ ಇವೆಯಾ ಅಂತ ವಿಂಡೋಸ್ ಮಾಡುವ ತಪಾಸಣೆಯನ್ನು ದಾಟಿಸಿ ಹಾಕಿಕೊಟ್ಟ. ಹಳೆಯ ಫೈಲು, ಪ್ರೋಗ್ರಾಂ ಎಲ್ಲ ಹಾಗೇ ಉಳಿದವು. ಇವತ್ತಿಗೆ ಹದಿಮೂರು ದಿನ.

ಬೇರೆಲ್ಲ ಚೆನ್ನಾಗಿದೆ. ಕ್ಯಾಮೆರಾ ಮಾತ್ರ ಹಾಳಾಗಿದೆ. ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಕೆಳಗಿಂದ ಮೇಲಕ್ಕೆ ಹರಿಯುತ್ತವೆ. ಕೈ ಆಡಿಸಿದರೆ ಬೆರಳಿನ ಹಿಂದೆ ನೆರಳಿನಂತೆ ಬಾಲ ಬರುತ್ತದೆ, ಐದು ಬೆರಳೋ ಮೂರೋ ತಿಳಿಯುವುದಿಲ್ಲ. ಮೂರ್ನಾಲ್ಕು ನಿಮಿಷ ಆದ ಮೇಲೆ ಚಿತ್ರ ಗಕ್ಕನೆ ನಿಂತುಬಿಡುತ್ತದೆ. ಪಕ್ಕದ ಬಿಳಿ ದೀಪ ಉರಿಯುತ್ತಲೇ ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಸರಿ.

ಹೋದ ವಾರ ಇದರಿಂದ ಏನಾಯಿತು ಗೊತ್ತಾ? ಅವ್ವನ ಸನ್ನೆಯಲ್ಲಿ ಎದೆ ಮೇಲೆ ಅಂಗೈ ಇಟ್ಟು ಆ ಕೈಯನ್ನು ಮುಂದೆ ಚಾಚಿದರೆ 'ನಿನ್ನ ನೆನಪಾಗುತ್ತದೆ' ಅಂತ. ಎದೆ ಮೇಲೆ ಕೈ ಇಟ್ಟಲ್ಲಿಗೇ ಚಿತ್ರ ನಿಂತಿತು. ಅವನಿಗೆ ಎದೆನೋವು ಅಂತ ಕಂಡಿತು. ನಾನು ರೀಸ್ಟಾರ್ಟ್ ಮಾಡುತ್ತಾ ಕೂತಿದ್ದೆ, ಫೋನ್ ಒಳಕೋಣೆಯಲ್ಲಿ ಚಾರ್ಜಿಗಿತ್ತು. ಅವನು ಹನ್ನೊಂದು ಮೆಸೇಜ್ ಹಾಕಿ, ಉತ್ತರ ಬಾರದೆ, ಸೊಲ್ಲಾಪುರದ ಮೇಲೆ ಬರುವ ರಾತ್ರಿ ರೈಲು ಹತ್ತಿಬಿಟ್ಟಿದ್ದ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಮೊದಲು ಅವ್ವನ ಎದೆ ಮುಟ್ಟಿ ನೋಡಿದ.

ಲೆನ್ಸ್ ಒರೆಸಿದ್ದೇನೆ. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕ್ಯಾಮೆರಾಗೆ ಅನುಮತಿ ಇದೆ. ಕ್ಯಾಮೆರಾ ನಡೆಸುವ ಸಾಫ್ಟ್‌ವೇರ್, ಅದೇ ಡ್ರೈವರ್, ಅದರ ಅಪ್‌ಡೇಟ್ ಒತ್ತಿದರೆ ಇದೇ ಅತ್ಯುತ್ತಮ ಡ್ರೈವರ್ ಅಂತ ಹೇಳುತ್ತದೆ. ಹಗಲು ಕಿಟಕಿ ಹತ್ತಿರ ಕೂತರೆ ಪಟ್ಟಿ ಬರುವುದಿಲ್ಲ, ರಾತ್ರಿ ಜಾಸ್ತಿ. ಹೊಸ ಲ್ಯಾಪ್‌ಟಾಪ್ ಈ ವರ್ಷ ಆಗುವುದಿಲ್ಲ. ದಾರಿ ಇದ್ದರೆ ಹೇಳಿ.

ಸುರಪುರ ಮಾಸ್ತರ

ತಂಗಿ, ಓದಿ ಬೇಜಾರಾಯಿತು. ನನ್ನ ಮಾತು ಕೇಳಿದರೆ ವಾಪಸ್ ವಿಂಡೋಸ್ 10ಕ್ಕೆ ಹೋಗಿ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಒಳಗೆ 'ಗೋ ಬ್ಯಾಕ್' ಇರುತ್ತದೆ. ಆದರೆ ಅದು ಹತ್ತೇ ದಿನ, ನಿಮ್ಮದು ದಾಟಿದೆ. ಹಾಗಾಗಿ ಹೊಸದಾಗಿ ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ಮನೆಬಳಕೆಯ ವಿಂಡೋಸ್ 10ಕ್ಕೆ ಭದ್ರತೆಯ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರ ತನಕ ಪಡೆಯುವ ಯೋಜನೆ ಇದೆ, ಅದಕ್ಕೆ ಹೆಸರು ನೋಂದಾಯಿಸಬೇಕು. ವಿಂಡೋಸ್ 11ಕ್ಕೆ ಬೇಕಾದದ್ದು ಇಲ್ಲದ ಯಂತ್ರಕ್ಕೆ ಅದನ್ನು ಹಾಕಿದರೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಅದನ್ನು ತಿಳಿದೇ ಮುಂದುವರಿಯಿರಿ.

ಬೀದರ್ ರಿಪೇರಿ

ಅಕ್ಕಾ, ಈಗಲೇ ಅಳಿಸಿ ಹಾಕಬೇಡಿ. ನಿಮ್ಮದು ಒಂದು ತೊಂದರೆ ಅಲ್ಲ, ಮೂರು. ಒಂದೊಂದಾಗಿ ಬಿಡಿಸೋಣ.

ಪಟ್ಟಿಗಳ ವಿಷಯ ಮೊದಲು. ಹಗಲು ಇಲ್ಲ, ರಾತ್ರಿ ಇದೆ ಅಂದಿರಲ್ಲ, ಅದರಲ್ಲೇ ಉತ್ತರ ಇದೆ. ನಿಮ್ಮ ಪಡಸಾಲೆಯಲ್ಲಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಇರಬೇಕು. ನಮ್ಮ ದೇಶದ ಕರೆಂಟ್ 50 ಹರ್ಟ್ಜ್. ಅಂದರೆ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಹೆಚ್ಚು ಕಡಿಮೆ ಆಗುತ್ತಿರುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಕ್ಯಾಮೆರಾ ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತಾ ಹೋಗುತ್ತದೆ. ಕೆಲವು ಸಾಲಿಗೆ ಬೆಳಕು ಹೆಚ್ಚಿರುವ ಕ್ಷಣ ಸಿಗುತ್ತದೆ, ಕೆಲವಕ್ಕೆ ಮಂಕಾದ ಕ್ಷಣ. ಅದೇ ಪಟ್ಟಿ. 50 ಹರ್ಟ್ಜ್ ಅಂತ ಹೇಳಿಬಿಟ್ಟರೆ ಪ್ರತಿ ಸಾಲಿಗೂ ಒಂದು ಪೂರ್ತಿ ಏರಿಳಿತ ಸಿಗುವಂತೆ ಅದು ಸಮಯ ಹೊಂದಿಸಿಕೊಳ್ಳುತ್ತದೆ. ಅಪ್‌ಗ್ರೇಡ್ ಆದಾಗ ನಿಮ್ಮದು 60ಕ್ಕೆ ಹೋಗಿರಬೇಕು. ಅಮೆರಿಕದ ಕರೆಂಟ್ 60. ವಿಂಡೋಸಿನ ಕ್ಯಾಮೆರಾ ಆ್ಯಪ್ ತೆರೆದು, ಹಲ್ಲುಚಕ್ರದ ಗುರುತು ಒತ್ತಿ, ಸೆಟ್ಟಿಂಗ್ಸ್ ಒಳಗೆ 'ಫ್ಲಿಕರ್ ರಿಡಕ್ಷನ್' ನೋಡಿ. 50 ಮಾಡಿ.

ನಿಂತುಹೋಗುವುದು ಬಹುಶಃ ಕರೆಂಟ್ ಉಳಿಸುವ ಸೆಟ್ಟಿಂಗ್‌ನಿಂದ. ಲ್ಯಾಪ್‌ಟಾಪಿನ ಒಳಗಿನ ಕ್ಯಾಮೆರಾ ಕೂಡ ಸಾಮಾನ್ಯವಾಗಿ ಯುಎಸ್‌ಬಿಯಲ್ಲೇ ಜೋಡಿಸಿರುತ್ತದೆ, ವೈರ್ ಕಾಣುವುದಿಲ್ಲ ಅಷ್ಟೇ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಇರುತ್ತದೆ, ಡಿಸೇಬಲ್ ಮಾಡಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ 'ಯುಎಸ್‌ಬಿ ರೂಟ್ ಹಬ್' ಎಷ್ಟಿವೆಯೋ ಅಷ್ಟನ್ನೂ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಇರುವ ಟಿಕ್ ತೆಗೆಯಿರಿ. ಇಷ್ಟು ಮಾಡಿ ಇವತ್ತು ರಾತ್ರಿ ನೋಡಿ ಹೇಳಿ.

ಕಲಬುರಗಿ ಅಕ್ಕ

ಬೀದರ್ ಅಣ್ಣಾ, ಟ್ಯೂಬ್‌ಲೈಟ್ ಚೋಕಿನದ್ದೇ! ಸೆಟ್ಟಿಂಗ್ 60ರಲ್ಲೇ ಇತ್ತು. 50 ಅಂತ ಒತ್ತಿದ ಕ್ಷಣವೇ ಪಟ್ಟಿ ಹೋಯಿತು. ಅವ್ವ ಪರದೆ ಮುಂದೆ ಬಂದು ಕೈ ಸವರಿ ನೋಡಿದಳು, ಗಾಜು ಒರೆಸಿದೆಯಾ ಅಂತ ಕೇಳಿದಳು.

ರಾತ್ರಿ ನಲವತ್ತು ನಿಮಿಷ ಮಾತಾಡಿದರು, ಒಂದು ಸಲವೂ ನಿಲ್ಲಲಿಲ್ಲ. ಆದರೆ ಬೆರಳಿನ ಬಾಲ ಇನ್ನೂ ಇದೆ. ಅವ್ವ ನಿಧಾನ ಮಾಡಿದರೆ ಅವನಿಗೆ ತಿಳಿಯುತ್ತದೆ. ಆಕೆಯದು ಬೀಸು ಕೈ, ನಿಧಾನ ಅನ್ನುವುದು ಬರುವುದೇ ಇಲ್ಲ. ಇದನ್ನೂ ಸರಿ ಮಾಡಬಹುದಾ?

ಮಾಸ್ತರರೇ, ನಿಮ್ಮ ಮಾತು ನೆನಪಿಟ್ಟುಕೊಂಡಿದ್ದೇನೆ. ಮುಖ್ಯವಾದ ಕಾಗದಪತ್ರ ಎಲ್ಲ ಪೆನ್‌ಡ್ರೈವ್‌ಗೆ ಹಾಕಿಟ್ಟೆ.

ಬೀದರ್ ರಿಪೇರಿ

ಮಾಡಬಹುದು. ಮೊದಲು ಒಂದು ನೋಡಿ ಹೇಳಿ. ಅದೇ ಕ್ಯಾಮೆರಾ ಆ್ಯಪ್‌ನಲ್ಲಿ ವಿಡಿಯೋ ಸೆಟ್ಟಿಂಗ್ಸ್ ಒಳಗೆ 'ವಿಡಿಯೋ ಕ್ವಾಲಿಟಿ' ಪಟ್ಟಿ ಇದೆ. 720ರ ಎದುರು ಎಷ್ಟು ಎಫ್‌ಪಿಎಸ್ ಅಂತ ಬರೆದಿದೆ?

ಕಲಬುರಗಿ ಅಕ್ಕ

720ಕ್ಕೆ 10. ಅದರ ಕೆಳಗೆ 480ಕ್ಕೆ 30 ಅಂತ ಇದೆ.

ಬೀದರ್ ರಿಪೇರಿ

ಸಿಕ್ಕಿತು. ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅಂತ. ಹತ್ತು ಚಿತ್ರದಲ್ಲಿ ಅವ್ವನ ಕೈ ಹಿಡಿಯುವುದು ಕಷ್ಟ.

ಲೆಕ್ಕ ಹೀಗಿದೆ. 720ರ ಒಂದು ಚಿತ್ರದಲ್ಲಿ 1280 ಗುಣಿಸು 720, ಅಂದರೆ 9,21,600 ಚುಕ್ಕೆ. ಕುಗ್ಗಿಸದೆ ಕಳಿಸಿದರೆ ಚುಕ್ಕೆಗೆ ಎರಡು ಬೈಟ್. ಸೆಕೆಂಡಿಗೆ 30 ಚಿತ್ರ ಅಂದರೆ ಸುಮಾರು ಐದೂವರೆ ಕೋಟಿ ಬೈಟ್ ಆಯಿತು. ಯುಎಸ್‌ಬಿ 2.0ರಲ್ಲಿ ಒಂದು ಕ್ಯಾಮೆರಾಗೆ ಮೀಸಲಿಡಬಹುದಾದದ್ದು ಹೆಚ್ಚೆಂದರೆ ಎರಡೂವರೆ ಕೋಟಿಯ ಆಸುಪಾಸು. ಹಿಡಿಸುವುದಿಲ್ಲ, ಹಾಗಾಗಿ ಹತ್ತಕ್ಕೆ ಇಳಿಸುತ್ತದೆ. ಅದೇ ಚಿತ್ರವನ್ನು ಕ್ಯಾಮೆರಾ ತಾನೇ ಜೆಪೆಗ್ ಮಾಡಿ ಕುಗ್ಗಿಸಿ ಕಳಿಸಿದರೆ 30 ಸಲೀಸಾಗಿ ಹೋಗುತ್ತದೆ. ಮೊದಲು ಹಾಗೇ ಹೋಗುತ್ತಿತ್ತು ಅನಿಸುತ್ತದೆ. ನೀವು ಹಳೆಯದರ ಮೇಲೇ ಅಪ್‌ಗ್ರೇಡ್ ಮಾಡಿದ್ದರಿಂದ ಹಳೆಯ ಕ್ಯಾಮೆರಾ ಡ್ರೈವರ್ ಹಾಗೇ ಸಾಗಿ ಬಂದಿದೆ, ಹೊಸದರ ಜೊತೆ ಹೊಂದುತ್ತಿಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಕ್ಯಾಮೆರಾ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್. ತಾನಾಗಿ ಹುಡುಕು ಅನ್ನುವುದನ್ನು ಒತ್ತಬೇಡಿ. ಎರಡನೆಯದು ಒತ್ತಿ, ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ಆರಿಸುತ್ತೇನೆ ಅನ್ನಿ. ಅಲ್ಲಿ 'ಯುಎಸ್‌ಬಿ ವಿಡಿಯೋ ಡಿವೈಸ್' ಇರುತ್ತದೆ, ಅದನ್ನು ಆರಿಸಿ. ಅದು ವಿಂಡೋಸಿನದೇ ಡ್ರೈವರ್.

ಯಾದಗಿರಿ ಹುಡುಗ

ಒಂದು ನಿಮಿಷ ಅಕ್ಕಾ, ಇದನ್ನು ಓದಿ ಆಮೇಲೆ ಒತ್ತಿ. ನಾನು ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದೇ ಮಾಡಿದ್ದೆ, ಚಿತ್ರ ತಲೆಕೆಳಗಾಗಿಬಿಟ್ಟಿತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾವನ್ನೇ ತಲೆಕೆಳಗಾಗಿ ಕೂರಿಸಿರುತ್ತಾರೆ, ಕಂಪನಿಯ ಡ್ರೈವರ್ ಅದನ್ನು ತಿರುಗಿಸಿ ತೋರಿಸುತ್ತಿರುತ್ತದೆ. ಹಾಗಾದರೆ ಗಾಬರಿ ಬೇಡ. ಡ್ರೈವರ್ ಪುಟದಲ್ಲಿ 'ರೋಲ್ ಬ್ಯಾಕ್' ಒತ್ತಿದರೆ ಮೊದಲಿನದು ವಾಪಸ್ ಬರುತ್ತದೆ. ಆಗ ಕರೆಯ ಆ್ಯಪ್‌ನಲ್ಲಿ ಎಚ್‌ಡಿ ಆಫ್ ಮಾಡಿ 480ರಲ್ಲೇ ಮಾತಾಡಿ. ಕೈಸನ್ನೆಗೆ ಚುಕ್ಕೆ ಕಡಿಮೆ ಇದ್ದರೂ ನಡೆಯುತ್ತದೆ, ಚಿತ್ರಗಳು ಜಾಸ್ತಿ ಬೇಕು.

ಇನ್ನೊಂದು, ಬೆಳಕು. ಕತ್ತಲಿದ್ದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಕೈ ಸರಿದದ್ದೇ ಬಾಲವಾಗಿ ಕಾಣುವುದು. ದೀಪ ಅವ್ವನ ಬೆನ್ನ ಹಿಂದೆ ಇದ್ದರೆ ಮುಂದಕ್ಕೆ ತನ್ನಿ.

ಕಲಬುರಗಿ ಅಕ್ಕ

ನಾಲ್ಕು ದಿನ ನೋಡಿ ಬರೆಯುತ್ತಿದ್ದೇನೆ.

ಡ್ರೈವರ್ ಬದಲಿಸಿದೆ. ದೇವರ ದಯೆ, ತಲೆಕೆಳಗಾಗಲಿಲ್ಲ. ಈಗ ಪಟ್ಟಿಯಲ್ಲಿ 720ರ ಎದುರು 30 ಅಂತ ಬರುತ್ತಿದೆ. ಬಾಲ ಅರ್ಧ ಕಡಿಮೆಯಾಯಿತು, ಇನ್ನರ್ಧ ಬೆಳಕಿನದೇ. ಟ್ಯೂಬ್‌ಲೈಟ್ ಅವ್ವನ ತಲೆ ಹಿಂದಿನ ಗೋಡೆಗಿತ್ತು. ಅದನ್ನು ಕಿತ್ತು ಹಾಕಿಸಲು ಹೋಗಲಿಲ್ಲ, ಎದುರಿನ ಗೋಡೆ ಬೆನ್ನಿಗೆ ಬರುವಂತೆ ಅವ್ವನ ಕುರ್ಚಿಯನ್ನೇ ತಿರುಗಿಸಿದೆ. ಅಲ್ಲಿ ಕ್ಯಾಲೆಂಡರು, ಫೋಟೋ ಬಹಳ ಇದ್ದವು, ಬೆರಳು ಅವುಗಳಲ್ಲಿ ಕಲೆತುಹೋಗುತ್ತಿತ್ತು. ಒಂದು ಕಡುನೀಲಿ ಚಾದರ ಕಟ್ಟಿದೆ. ಈಗ ಅವ್ವನ ಹಸಿರು ಬಳೆ ಕೂಡ ಬೇರೆಬೇರೆಯಾಗಿ ಕಾಣುತ್ತದೆ ಅಂತ ತಮ್ಮ ಬರೆದಿದ್ದಾನೆ.

ನಿನ್ನೆ ರಾತ್ರಿ ಅವ್ವ ಎದೆ ಮೇಲೆ ಅಂಗೈ ಇಟ್ಟಳು. ನಾನು ಉಸಿರು ಹಿಡಿದು ಪರದೆ ನೋಡುತ್ತಿದ್ದೆ. ಕೈ ಮುಂದಕ್ಕೆ ಚಾಚಿತು. ಅತ್ತ ಕಡೆ ಅವನೂ ಹಾಗೇ ಮಾಡಿದ.

ಬೀದರ್ ಅಣ್ಣಾ, ಒಂದು ವಿಷಯ ನೀವು ತಿಳಿದಿರಲಿ ಅಂತ ಹೇಳುತ್ತೇನೆ. ಡ್ರೈವರ್ ಬದಲಿಸಿದಾಗ ಫ್ಲಿಕರ್ ಮತ್ತೆ 60ಕ್ಕೆ ಹೋಗಿತ್ತು, ಪಟ್ಟಿ ವಾಪಸ್ ಬಂದಿತ್ತು. 50 ಮಾಡಿದೆ, ಹೋಯಿತು. ಅದಕ್ಕೇ ಒಂದು ಚೀಟಿಯಲ್ಲಿ 'ಫ್ಲಿಕರ್ 50, ರೂಟ್ ಹಬ್ ಟಿಕ್ ತೆಗೆ' ಅಂತ ಬರೆದು ಲ್ಯಾಪ್‌ಟಾಪಿನ ಕೆಳಗೆ ಅಂಟಿಸಿದ್ದೇನೆ. ನಾನು ಮನೆಯಲ್ಲಿ ಇಲ್ಲದಾಗ ಪಕ್ಕದ ಮನೆಯ ಹುಡುಗಿಯೂ ನೋಡಿ ಮಾಡಬಹುದು.