ಗೋವಾದ ಗ್ರಾಂಡೆ ಐಲ್ಯಾಂಡ್ ನೀರಲ್ಲಿ ಮೀನಿನ ಸದ್ದು ಕೇಳಬೇಕು, ಏನು ಕೊಳ್ಳಲಿ?

ಮಾಪ್ಸಾ: ನಮಸ್ಕಾರ ಎಲ್ಲರಿಗೂ. ನವೆಂಬರ್‌ನಲ್ಲಿ ಗ್ರಾಂಡೆ ಐಲ್ಯಾಂಡ್‌ಗೆ ಡೈವಿಂಗ್ ಹೋಗುತ್ತಿದ್ದೇನೆ. ನೀರೊಳಗೆ ಮೀನು ಮಾಡುವ ಸದ್ದು ಕೇಳಬೇಕು, ಸಾಧ್ಯವಾದರೆ ರೆಕಾರ್ಡ್ ಮಾಡಬೇಕು. ಬಜೆಟ್ ಹತ್ತು ಸಾವಿರ. ಹೈಡ್ರೋಫೋನ್ (ನೀರೊಳಗಿನ ಮೈಕ್) ಕೊಳ್ಳಲಾ, ಮನೆಯಲ್ಲೇ ಮಾಡಲಾ, ಕಿವಿಯೇ ಸಾಕಾ? ಅನುಭವ ಇದ್ದವರು ಹೇಳಿ.

ವಾಸ್ಕೋ: ಕೊಂಡುಬಿಡಿ ಸರ್. ನಾನು ಹೊರದೇಶದಿಂದ ತರಿಸಿದೆ. ಹೈಡ್ರೋಫೋನ್ 18,400. ಕೊರಿಯರ್ 3,100. ಕಸ್ಟಮ್ಸ್ ಸುಂಕ 5,900, ಅದನ್ನು ಯಾರೂ ಮೊದಲೇ ಹೇಳಲಿಲ್ಲ. ರೆಕಾರ್ಡರ್ ಬೇರೆ 11,000. ಒಟ್ಟು 38,400. ಪಾರ್ಸೆಲ್ ಮುಂಬೈನಲ್ಲೇ ಕೂತುಬಿಟ್ಟಿತು. ಯಾವ ಉಪಯೋಗಕ್ಕೆ ಅಂತ ಕೊರಿಯರ್‌ನವರು ಪತ್ರ ಕೇಳಿದರು, ಕೊಟ್ಟೆ. ಮತ್ತೆ ಅದೇ ಪತ್ರ ಕೇಳಿದರು. ಅಷ್ಟರಲ್ಲಿ ಸೀಸನ್ ಮುಗಿದು ಮಳೆ ಶುರುವಾಯಿತು. ಆದರೂ ಒಂದು ಪೈಸೆ ದಂಡ ಅಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಇಂಜಿನ್ ಆಫ್ ಮಾಡಿಸಿ ಕೇಬಲ್ ಇಳಿಬಿಟ್ಟೆ. ಮೊದಲು ಒಂದು ಮೀನು 'ಗುರ್‌ರ್' ಅಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಯಾವುದು ಯಾರದ್ದು ಅಂತ ಬಿಡಿಸಲಿಕ್ಕೇ ಆಗದಷ್ಟು. ಹಿಂದೆ ಬೇರೆ ಮೀನುಗಳ ಚಟಪಟ, ಒಗ್ಗರಣೆ ಸಿಡಿದ ಹಾಗೆ, ಒಂದು ಕ್ಷಣವೂ ನಿಲ್ಲಲಿಲ್ಲ.

ಪೊಂಡಾ: ಇದಕ್ಕೆ 38 ಸಾವಿರ ಯಾಕ್ರೀ? ಮುಂಬೈ ಲ್ಯಾಮಿಂಗ್ಟನ್ ರೋಡ್‌ನಿಂದ ಪೀಜೋ ಡಿಸ್ಕ್ (ಅದುರಿದರೆ ವಿದ್ಯುತ್ ಕೊಡುವ ಬಿಲ್ಲೆ) ತಂದೆ, 25 ರೂಪಾಯಿ. ನೀರು ನುಗ್ಗದಂತೆ ಸುರಿಯುವ ಎಪಾಕ್ಸಿ ಅಂಟು 340, ಶೀಲ್ಡ್ ಇರುವ ಕೇಬಲ್ 600, ಸಣ್ಣ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್‌ನ ಸಾಮಾನು 450. ಒಟ್ಟು 1,415. ಪ್ರೀಆಂಪ್ ಮಾತ್ರ ಬಿಡಬೇಡಿ. ಪೀಜೋನ ನೇರ ಮೈಕ್ ಸಾಕೆಟ್‌ಗೆ ಹಾಕಿದರೆ ದಪ್ಪ (ಕೆಳ ಸ್ವರದ) ಸದ್ದೆಲ್ಲ ಹೋಗಿಬಿಡುತ್ತೆ. ಮೀನಿನ ಸದ್ದು ಇರುವುದೇ ಅಲ್ಲಿ, ಹೆಚ್ಚಿನದು 1,000 ಹರ್ಟ್ಸ್‌ಗಿಂತ ಕೆಳಗೆ. ಮೊದಲ ಡಿಸ್ಕ್‌ಗೆ ನೀರು ನುಗ್ಗಿತು. ಅಂಗಡಿಯವರು ಹಳೇ ಎಪಾಕ್ಸಿ ಕೊಟ್ಟಿದ್ದರು, ಮಾರನೇ ದಿನವೂ ಬೆರಳಿಗೆ ಅಂಟುತ್ತಿತ್ತು. ಹೊಸದು ತಂದು, ಕೇಬಲ್ ಸೇರುವ ಜಾಗಕ್ಕೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ತೊಡಿಸಿ, ಮೇಲೆ ಇನ್ನೊಂದು ಪದರ ಸುರಿದೆ. ಈಗಲೂ ಓಡ್ತಿದೆ.

ವಾಸ್ಕೋ: ಓಡಿದರೆ ಆಯ್ತಾ? ನೀವು ಹಾಕಿದ ರೆಕಾರ್ಡಿಂಗ್‌ನಲ್ಲಿ ಅರ್ಧ ಬರೀ 'ಸ್ಸ್' ಅಂತಿದೆ.

ಪೊಂಡಾ: ನಿಮ್ಮದರಲ್ಲಿ ಡಾಲ್ಫಿನ್ ತೋರಿಸುವ ಬೋಟುಗಳ ಇಂಜಿನ್ನೇ ತುಂಬಿದೆ. ಅದನ್ನೂ ಹೇಳಿ.

ಪಣಜಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ಚಟಪಟ ಮೀನಿನದ್ದಲ್ಲವೇ ಅಲ್ಲ, ಪಿಸ್ತೂಲ್ ಸಿಗಡಿಯದ್ದು. ಅದರ ದೊಡ್ಡ ಇಕ್ಕಳ ಪಟ್ಟನೆ ಮುಚ್ಚಿದಾಗ ನೀರು ಚಿಮ್ಮಿ ಗುಳ್ಳೆ ಹುಟ್ಟುತ್ತೆ. ಗುಳ್ಳೆ ಕುಸಿದಾಗ ಬರುವ ಸದ್ದು ಅದು. 2000ದಲ್ಲೇ ಹೈಸ್ಪೀಡ್ ಕ್ಯಾಮೆರಾದಲ್ಲಿ ತೋರಿಸಿದ್ದಾರೆ. ದೋನಾಪಾವ್ಲಾದ ಎನ್‌ಐಒ (ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ)ದವರು ಗ್ರಾಂಡೆ ಹತ್ತಿರ ರೆಕಾರ್ಡ್ ಮಾಡಿದಾಗಲೂ ಮೀನು, ಸಿಗಡಿ ಎರಡೂ ಸಿಕ್ಕಿವೆ.

ನನಗೆ ಕಿವಿಯೇ ಸಾಕು. ಸಿಲಿಂಡರ್ ಕಟ್ಟಿ ಮುಳುಗುವ ಸ್ಕೂಬಾದಲ್ಲಿ ನಮ್ಮ ಗುಳ್ಳೆಗಳ ಗದ್ದಲವೇ ಜಾಸ್ತಿ. ಅದಕ್ಕೇ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿ ಬಂಡೆ ಮೇಲೆ ಸುಮ್ನೆ ತೇಲುತ್ತೇನೆ. ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನು ಇದೆಯಲ್ಲ, ಗಂಡು ಮೊಟ್ಟೆ ಕಾಯುವಾಗ ಇನ್ನೊಂದು ಮೀನು ಹತ್ತಿರ ಬಂದರೆ ಸಾಕು, 'ಟಕ್ ಟಕ್' ಅಂತ ಏರಿ ಹೋಗುತ್ತೆ. ಸದ್ದು ಎಲ್ಲಿಂದ ಅಂತ ಮಾತ್ರ ಗೊತ್ತಾಗಲ್ಲ. ನೀರಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತೆ, ಎರಡು ಕಿವಿಗೂ ಹೆಚ್ಚುಕಮ್ಮಿ ಒಟ್ಟಿಗೇ ಮುಟ್ಟುತ್ತೆ. ಮೀನಿನ ಮೇಲಿಂದ ಕಣ್ಣು ತೆಗೆಯಬಾರದು. ಇನ್ನು, ದಪ್ಪ ಹುಡ್ (ತಲೆ, ಕಿವಿ ಮುಚ್ಚುವ ಡೈವಿಂಗ್ ಟೋಪಿ) ಕೊಳ್ಳಬೇಡಿ. ಅಂಗಡಿಯಲ್ಲಿ ಬೇಕೇ ಬೇಕು ಅಂದು 4,200 ತೆಗೆದುಕೊಂಡರು, ಹಾಕಿದರೆ ಸದ್ದೆಲ್ಲ ಮಂಕು.

ಪೊಂಡಾ: ಸ್ಕೂಬಾದಲ್ಲೇ ಸ್ವಲ್ಪ ಉಸಿರು ಹಿಡಿದರೆ ಆಯ್ತಲ್ಲ ಅಕ್ಕಾ?

ಪಣಜಿ: ಇದನ್ನು ಇನ್ನೊಮ್ಮೆ ಬರೆಯಬೇಡಿ! ಉಸಿರು ಹಿಡಿದು ಒಂದೆರಡು ಮೀಟರ್ ಮೇಲೆ ತೇಲಿದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಹೊಸಬರು ಓದ್ತಾರೆ ಇಲ್ಲಿ.

ಬಾಯಿಣಾ: ಯಂತ್ರ, ಹುಡ್ ಎಲ್ಲ ನಿಮಗೆ. ನಮ್ಮಪ್ಪ ಕಾರವಾರದಲ್ಲಿ ದೋಣಿಯ ಹಲಗೆಗೆ ಕಿವಿ ಒತ್ತಿ ಘೋಳ್ ಮೀನಿನ ಹಿಂಡು ಪತ್ತೆ ಮಾಡುತ್ತಿದ್ದರು. ಗಾಳಿಚೀಲದ ಪಕ್ಕದ ಸ್ನಾಯು ನಡುಗಿಸಿ ಕೂಗುವ ಮೀನು ಅದು. ಆ ಗಾಳಿಚೀಲಕ್ಕೇ ಹೊರದೇಶದಲ್ಲಿ ಚಿನ್ನದ ಬೆಲೆ. ನಮ್ಮ ಹತ್ತಿರ ಮೀನನ್ನು ಇಡಿಯಾಗಿ ತೂಗಿಸಿಕೊಂಡು ಹೋದ ದಲ್ಲಾಳಿ ಚೀಲದ ಮಾತೇ ಎತ್ತಲಿಲ್ಲ.

ವಾಸ್ಕೋ: ಗಂಡಿನ ಚೀಲಕ್ಕೆ ರೇಟ್ ಜಾಸ್ತಿ, ಅದು ಎಲ್ಲರಿಗೂ ಗೊತ್ತು. ಕೇಳಿ ಮಾರಬೇಕಿತ್ತು.

ಬಾಯಿಣಾ: ಯಾರನ್ನು ಕೇಳೋದು? ಬಂದರಲ್ಲಿ ಇದ್ದವನು ಅವನೊಬ್ಬನೇ. ಐಸ್ ಸಾಲವೂ ಅವನದ್ದೇ. ಗೊತ್ತಿಲ್ಲದೆ ಮಾತಾಡಬೇಡಿ.

ಮಾಪ್ಸಾ: ಡೈವಿಂಗ್ ಬೋಟ್ ಸಂಜೆ ತನಕ ನಿಲ್ಲುತ್ತಾ?

ವಾಸ್ಕೋ: ಇಲ್ಲ ಸರ್, ನಾನು ಹೋದದ್ದು ಮಧ್ಯಾಹ್ನಕ್ಕೇ ವಾಪಸ್. ಸಂಜೆಗೆ ಬೇರೆ ಬೋಟ್ ಮಾತಾಡಿದೆ, 6,500 ಆಯಿತು.

ಪೊಂಡಾ: ಆ 6,500 ನಿಮ್ಮ ಲೆಕ್ಕದಲ್ಲಿ ಇರಲಿಲ್ಲವಲ್ಲ! ಅವರ ಬಜೆಟ್ ಇರುವುದೇ ಹತ್ತು ಸಾವಿರ.